ಸೈಕಲ್ಲಿನ ಆ 'ಟಕ್ ಟಕ್' ಎಲ್ಲಿಂದ ಬರ್ತಿದೆ?

ಮಳೆಗಾಲ ಮುಗಿಯುತ್ತಿದ್ದ ಹಾಗೆ ನಮ್ಮ ಬೆಳಗಾವಿಯ ಸೈಕಲ್ ಗೆಳೆಯರ ಗ್ರೂಪಿನಲ್ಲಿ ಒಂದೇ ತರಹದ ಮೆಸೇಜು ಶುರುವಾಗುತ್ತೆ. "ಪೆಡಲ್ ತುಳಿದಾಗೆಲ್ಲ ಟಕ್ ಅಂತದ, ಏನಿರಬಹುದು?" ಹತ್ತು ಜನ ಉತ್ತರ ಕೊಟ್ಟರೆ ಅದರಲ್ಲಿ ಏಳು ಮಂದಿ, "ಬಾಟಮ್ ಬ್ರಾಕೆಟ್ ಹೋಗೇದ, ಬದಲ್ ಮಾಡಿಸ್ರಿ" ಅಂತಾರೆ. ದುಡ್ಡು ಕೊಟ್ಟು ಬದಲಿಸಿಕೊಂಡ ಮೇಲೂ ಟಕ್ ಅನ್ನುತ್ತಲೇ ಇದ್ದ ಸೈಕಲ್ಲುಗಳನ್ನು ಬೇಕಾದಷ್ಟು ನೋಡಿದ್ದೀನಿ.

ಕಿವಿ ನಮಗೆ ಮೋಸ ಮಾಡುತ್ತೆ. ಫ್ರೇಮು ಅಂದರೆ ಟೊಳ್ಳು ಕೊಳವೆಗಳು. ಸೀಟಿನ ಕೆಳಗೆ ಹುಟ್ಟಿದ ಸದ್ದು ಲೋಹದಲ್ಲಿ ಹರಿದು ಪೆಡಲ್ಲಿನ ಹತ್ತಿರ ಕೇಳಿಸುತ್ತೆ. ಹಾಗಾಗಿ 'ಎಲ್ಲಿ' ಅಂತ ಕೇಳೋದಕ್ಕಿಂತ 'ಯಾವಾಗ' ಅಂತ ಕೇಳಬೇಕು. ಆಫೀಸಿನಲ್ಲಿ ಬಗ್ ಹುಡುಕುವಾಗಲೂ ಇದೇ ಅಲ್ವಾ? ಮೊದಲು ಅದು ಮತ್ತೆ ಮತ್ತೆ ಬರೋ ಹಾಗೆ ಮಾಡು, ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸು.

ಈ ಕೆಲಸಕ್ಕೆ ನಾನು ಹೋಗೋದು ಕಣಕುಂಬಿ ರಸ್ತೆಗೆ. ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟಿನ ಕಡೆ ಹೋಗೋ ದಾರಿ. ಮಲಪ್ರಭಾ ಹುಟ್ಟೋದು ಖಾನಾಪುರ ತಾಲೂಕಿನ ಈ ಊರಲ್ಲೇ. ಗೋವಾ ಗಾಡಿಗಳು ಶುರುವಾಗೋ ಮೊದಲು, ನಸುಕಿನಲ್ಲಿ ಹೋದರೆ ಕಾಡಿನ ನಡುವೆ ನಿಮ್ಮ ಸೈಕಲ್ಲಿನ ಒಂದೊಂದು ಗುಟ್ಟೂ ಕೇಳುತ್ತೆ. ಏರು ಇಳಿವು ಎರಡೂ ಸಿಗೋದರಿಂದ ಪರೀಕ್ಷೆಗೂ ಸಲೀಸು.

ತುಳಿಯೋದು ನಿಲ್ಲಿಸಿ ಸುಮ್ಮನೆ ಉರುಳಲು ಬಿಡಿ. ಸದ್ದು ನಿಂತರೆ ಪೆಡಲ್, ಕ್ರ್ಯಾಂಕ್, ಚೈನಿನ ಕಡೆ ಅನುಮಾನ. ಮುಂದುವರಿದರೆ ಗಾಲಿ ಅಥವಾ ಬ್ರೇಕ್. ಎದ್ದು ನಿಂತು ತುಳಿದಾಗ ಸದ್ದು ಮಾಯವಾದರೆ ಸೀಟು, ಸೀಟ್‌ಪೋಸ್ಟ್. ನಿಂತಾಗಲೇ ಜಾಸ್ತಿಯಾದರೆ ಹ್ಯಾಂಡಲ್, ಸ್ಟೆಮ್ ನೋಡಿ.

ಆಮೇಲೆ ಎಣಿಸಿ. ಪೆಡಲ್ಲಿನ ಒಂದು ಸುತ್ತಿಗೆ ಒಂದೇ ಟಕ್ ಆದರೆ ಪೆಡಲ್ ಅಥವಾ ಕ್ರ್ಯಾಂಕ್. ಗಂಟೆಗೆ 20 ಕಿ.ಮೀ. ವೇಗದಲ್ಲಿ 700ಸಿ ಗಾಲಿ ಸೆಕೆಂಡಿಗೆ ಎರಡೂವರೆ ಸುತ್ತು ತಿರುಗುತ್ತೆ; ಸದ್ದು ಅಷ್ಟು ಚುರುಕಾಗಿದ್ದರೆ ಗಾಲಿಯದ್ದೇ. ನನಗೆ ತುಂಬ ಇಷ್ಟವಾದದ್ದು ಮೂರನೆಯದು. ಚೈನಿನಲ್ಲಿ ಸುಮಾರು 110 ಕೊಂಡಿ, ಮುಂದಿನ ಹಲ್ಲುಚಕ್ರಕ್ಕೆ 34 ಹಲ್ಲು ಅಂತಿಟ್ಟುಕೊಳ್ಳಿ. ಚೈನು ಒಂದು ಪೂರ್ತಿ ಸುತ್ತು ಬರೋಕೆ ಪೆಡಲ್ ಮೂರು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಬೇಕು. ಮೂರು ಸುತ್ತಿಗೊಮ್ಮೆ ಟಕ್ ಅಂದರೆ ಎಲ್ಲೋ ಒಂದು ಕೊಂಡಿ ಬಿಗಿಯಾಗಿದೆ! ಪೆಡಲನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸಿ, ಅದು ಹಿಂಬದಿಯ ಪುಟ್ಟ ಚಕ್ರ ದಾಟುವಾಗ ಎಗರೋದು ಕಣ್ಣಿಗೇ ಕಾಣುತ್ತೆ.

ಹೋದ ವರ್ಷ ಗೆಳೆಯನೊಬ್ಬನ ಸೈಕಲ್ಲು ಏರಿನಲ್ಲಿ ಮಾತ್ರ ಕಿರ್ ಅನ್ನುತ್ತಿತ್ತು. ಅಂಗಡಿಯಲ್ಲಿ ಚೈನು ಬದಲಿಸಿದ್ದರು, ಬ್ರಾಕೆಟ್ಟೂ ಬದಲಿಸಿದ್ದರು. ನಿಂತು ತುಳಿ ಅಂದೆ, ಸದ್ದು ಬಂದ್. ಸೀಟ್‌ಪೋಸ್ಟ್ ಎಳೆದರೆ ಕೆಂಪು ಮಣ್ಣಿನ ಪೇಸ್ಟು! ನಮ್ಮ ಕಡೆಯ ಮಳೆಯಲ್ಲಿ ಹಿಂದಿನ ಗಾಲಿ ಎರಚೋ ರಾಡಿಯೆಲ್ಲ ಅಲ್ಲಿಗೇ ಹೋಗಿ ಕೂರುತ್ತೆ. ಒರೆಸಿ, ತೆಳ್ಳಗೆ ಗ್ರೀಸ್ ಹಚ್ಚಿ ಹಾಕಿದೆವು, ಇಪ್ಪತ್ತು ನಿಮಿಷದ ಕೆಲಸ. (ಕಾರ್ಬನ್ ಪೋಸ್ಟ್ ಆದರೆ ಗ್ರೀಸ್ ಬೇಡ, ಅದಕ್ಕೆ ಬೇರೆ ಪೇಸ್ಟ್ ಬರುತ್ತೆ.) ಪೆಡಲ್ ಬಿಚ್ಚಿ ಗ್ರೀಸ್ ಹಚ್ಚಿದರೂ ಎಷ್ಟೋ ಸದ್ದು ಹೋಗುತ್ತವೆ. ಎಡ ಪೆಡಲ್ಲಿನ ತಿರುಪು ಉಲ್ಟಾ ಇರುತ್ತೆ, ಗಡಿಯಾರದ ದಿಕ್ಕಿಗೆ ತಿರುಗಿಸಿದರೇನೇ ಬಿಚ್ಚೋದು.

ಕೆಲವು ಸದ್ದು ಬರೀ ಕಿರಿಕಿರಿಯಲ್ಲ. ಕ್ರ್ಯಾಂಕ್ ತೋಳನ್ನು ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ; ಅಲುಗಿದರೆ ಅಲ್ಲೇ ಇಳಿದು ಬೋಲ್ಟ್ ಬಿಗಿ ಮಾಡಿ. ಮುಂದಿನ ಬ್ರೇಕ್ ಒತ್ತಿಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿ. ಹ್ಯಾಂಡಲ್ ಬುಡದಲ್ಲಿ ಕಟಕ್ ಅಂತ ಬೆರಳಿಗೆ ಗೊತ್ತಾದರೆ ಹೆಡ್‌ಸೆಟ್ ಸಡಿಲ. ಅದನ್ನಿಟ್ಟುಕೊಂಡು ಘಾಟ್ ಇಳಿಯೋದು ಬೇಡವೇ ಬೇಡ. ಕಣಕುಂಬಿಯಲ್ಲಿ ಚಹಾಕ್ಕೆ ನಿಂತಿದ್ದಾಗ ಜೊತೆಗಿದ್ದವನೊಬ್ಬನ ಸೈಕಲ್ಲು ತಿರುವಿಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿದ್ದೆವು. ಯಾವ ನಟ್ಟು ಬಿಗಿ ಮಾಡಿದರೂ ಅವನ ಸದ್ದು ಹೋಗಿರಲಿಲ್ಲ. ಕೆಳಗಿನ ಕೊಳವೆಯ ಬೆಸುಗೆ ಪಕ್ಕ ಕೂದಲೆಳೆಯಷ್ಟು ಗೆರೆ. ಬಣ್ಣ ಬಿರಿದಿರಬೇಕು ಅಂದುಕೊಂಡು ಉಗುರಿಂದ ಕೆರೆದರೆ ಉಗುರು ಸಿಕ್ಕಿಕೊಳ್ತು. ಚೋರ್ಲಾ ಇಳಿಯೋ ಪ್ಲಾನು ಅಲ್ಲಿಗೇ ಕ್ಯಾನ್ಸಲ್. ಅವನು ಮುಖ ಸಣ್ಣದು ಮಾಡ್ಕೊಂಡು ಸೈಕಲ್ಲನ್ನು ಟೆಂಪೋಗೆ ಹಾಕಿ ಬೆಳಗಾವಿಗೆ ವಾಪಸ್ ಹೋದ. ಆ ಫ್ರೇಮು ಮತ್ತೆ ರಸ್ತೆಗೆ ಇಳಿಯಲಿಲ್ಲ.

ಇನ್ನು ಡಿಸ್ಕ್ ಬ್ರೇಕ್. ಮಳೆಯಲ್ಲಿ ಅದು ಊರೆಲ್ಲ ಏಳೋ ಹಾಗೆ ಕಿರುಚುತ್ತೆ, ನಾಲ್ಕೈದು ಸಲ ಒತ್ತಿ ಒಣಗಿದರೆ ಸುಮ್ಮನಾಗುತ್ತೆ. ಒಣಗಿದ ಮೇಲೂ ಕಿರುಚಿದರೆ ರೋಟರನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಚೈನಿಗೆ ಎಣ್ಣೆ ಸ್ಪ್ರೇ ಮಾಡುವಾಗ ಹಾರಿ ಅಲ್ಲಿ ಕೂತಿರುತ್ತೆ. ಅದಕ್ಕೇ ಸ್ಪ್ರೇ ಬಿಟ್ಟು ಒಂದೊಂದು ಕೊಂಡಿಗೆ ಒಂದು ಹನಿ ಬಿಡಿ, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿಬಿಡಿ. ರೋಟರ್ ಒರೆಸಿದ ಮೇಲೂ ಸದ್ದು ಬಂದು, ಬ್ರೇಕ್ ಹಿಡಿಯೋದೂ ಕಮ್ಮಿಯಾಗಿದ್ದರೆ ಪ್ಯಾಡ್ ಎಣ್ಣೆ ಕುಡಿದಿದೆ ಅಂತ ಅರ್ಥ. ಹೊಸದು ಹಾಕಿಸಿ.