ಅಜ್ಜನ ಪಿಟೀಲು ಪೆಟ್ಟಿಗೆ ಸೇರುವ ಮೊದಲು

ಮೊಂತಿ ಹಬ್ಬದ ನೊವೆನಾ ಹತ್ತಿರ ಬಂದಾಗ ನಮ್ಮ ಕಾಸರಗೋಡು ಕಡೆಯ ಗಾಯನ ಮಂಡಳಿಗಳಲ್ಲಿ ಒಂದು ಮಾತು ಏಳುವುದುಂಟು: "ಅಜ್ಜನಿಗೆ ಇನ್ನು ಸಾಕು, ಮಕ್ಕಳು ನುಡಿಸಲಿ." ಅಜ್ಜ ಎದುರು ಮಾತಾಡದೆ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಬಿಡುತ್ತಾರೆ. ಹಾಗೆ ಮುಚ್ಚಿದ ಪೆಟ್ಟಿಗೆ ಮತ್ತೆ ತೆರೆಯುವುದು ಅಪರೂಪ. ಆದರೆ ಅವರು ನಿಜವಾಗಿಯೂ ಬಿಡಬೇಕಿತ್ತೇ?

ವಯಸ್ಸಾದಂತೆ ಗಂಟಲಿನ ಧ್ವನಿತಂತುಗಳು ತೆಳುವಾಗಿ ಒಣಗುತ್ತವೆ, ಶ್ವಾಸಕೋಶದ ಸ್ಥಿತಿಸ್ಥಾಪಕತೆ ತಗ್ಗುತ್ತದೆ. ಉದ್ದದ ಸಾಲು ಒಂದೇ ಉಸಿರಿಗೆ ಸಿಗುವುದಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರ ಸ್ವರ ಸಾಮಾನ್ಯವಾಗಿ ತಗ್ಗಿಗೆ ಇಳಿಯುತ್ತದೆ. ಇದು ರೋಗವಲ್ಲ. ಹಾರ್ಮೋನಿಯಂನಲ್ಲಿ ಶ್ರುತಿಯನ್ನು ಒಂದೆರಡು ಮನೆ ಇಳಿಸಿದರೆ ಅರ್ಧ ಕಷ್ಟ ಮುಗಿಯಿತು. ಎಳೆಯರ ಶ್ರುತಿಗೇ ಹಿರಿಯರೂ ಹಾಡಬೇಕೆಂಬ ಹಟ ಯಾಕೋ ನನಗೆ ತಿಳಿಯದು.

1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಅವರ ಎಳೆಯ ವಯಸ್ಸಿನ ತೆಳು ಕಂಠ ಗಂಟಲಿನ ಚಿಕಿತ್ಸೆಯ ನಂತರ ಗಂಡುದನಿಯಂತೆ ದಪ್ಪವಾಯಿತು. ಅವರು ಆ ಕಂಠದಲ್ಲೇ ಹಾಡುತ್ತಾ ಹೋದರು. ತೊಂಬತ್ತು ದಾಟಿದ ಮೇಲೂ, 2006ರಲ್ಲಿ, ವೇದಿಕೆಯಲ್ಲಿ ಹಾಡಿದರು. ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೀನ್ 1976ರವರೆಗೆ, ಎಂದರೆ 89ರ ವಯಸ್ಸಿನವರೆಗೆ, ಕಛೇರಿ ಕೊಟ್ಟರು. ಮುಪ್ಪಿನಲ್ಲಿ ಅವರು ಮಾಡಿದ ಉಪಾಯ ಸರಳ: ನುಡಿಸುವ ಕೃತಿಗಳನ್ನು ಕಡಿಮೆ ಮಾಡಿದರು, ಅವನ್ನೇ ಹೆಚ್ಚು ಅಭ್ಯಾಸ ಮಾಡಿದರು. ವೇಗದ ಭಾಗ ಬರುವ ಮೊದಲು ಸ್ವಲ್ಪ ನಿಧಾನ ನುಡಿಸುತ್ತಿದ್ದರು. ಆಗ ಮುಂದಿನದು ಕೇಳುಗರಿಗೆ ವೇಗವಾಗಿಯೇ ಕೇಳುತ್ತಿತ್ತು.

ಇನ್ನು ನಮ್ಮ ಕೈಗಳ ವಿಷಯ. ಹಗಲಿಡೀ ಅಡಿಕೆ ಸುಲಿದ ಬೆರಳು ರಾತ್ರಿ ತಂತಿಯ ಮೇಲೆ ಹೇಗೆ ಓಡೀತು? ಅಭ್ಯಾಸಕ್ಕೆ ಮೊದಲು ಐದು ನಿಮಿಷ ಬೆಚ್ಚಗಿನ ನೀರಿನಲ್ಲಿ ಕೈ ಅದ್ದಿರಿ. ಒಂದು ಗಂಟೆ ಒಂದೇ ಸಮನೆ ನುಡಿಸುವ ಬದಲು ಹದಿನೈದು ನಿಮಿಷದಂತೆ ನಾಲ್ಕು ಸಲ ನುಡಿಸಿರಿ. ಬೆಳಿಗ್ಗೆ ಎದ್ದ ಮೇಲೆ ಗಂಟುಗಳು ಊದಿಕೊಂಡು ಒಂದು ಗಂಟೆಗಿಂತ ಹೆಚ್ಚು ಹೊತ್ತು ಬಿಗಿಯಾಗಿದ್ದರೆ ಅದು ಬರೀ ಸವೆತವಲ್ಲದಿರಬಹುದು, ವೈದ್ಯರಿಗೆ ತೋರಿಸಿರಿ.

ಹಾಡುವವರು ಅಡಿಕೆ ಸಿಪ್ಪೆಯ ಧೂಳಿನಲ್ಲಿ ಕೆಲಸ ಮಾಡುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲಿ. ನೀರು ಆಗಾಗ ಕುಡಿಯಲಿ. ಶೀತದ ಕೆಲವು ಮಾತ್ರೆಗಳು ಗಂಟಲು ಒಣಗಿಸುತ್ತವೆ. ಉಬ್ಬಸಕ್ಕೆ ಎಳೆದುಕೊಳ್ಳುವ ಕೆಲವು ಔಷಧಗಳಿಂದಲೂ ಸ್ವರ ಒಡೆಯುತ್ತದೆ. ಅಂಥ ಔಷಧ ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕೇ ಹೊರತು ತಾವಾಗಿ ನಿಲ್ಲಿಸಬಾರದು. ಮೂರು ವಾರ ಕಳೆದರೂ ಗೊಗ್ಗರು ದನಿ ಹೋಗದಿದ್ದರೆ, ಅದರಲ್ಲೂ ಬೀಡಿ ಸೇದುವವರಾದರೆ, ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಲು ಹಬ್ಬ ಮುಗಿಯಲಿ ಎಂದು ಕಾಯಬೇಡಿರಿ.

ಎಷ್ಟೋ ಸಲ ಹಿರಿಯರು ಅಪಸ್ವರ ನುಡಿಸುವುದು ಕೈ ಸೋತದ್ದರಿಂದಲ್ಲ, ಕಿವಿ ಸೋತದ್ದರಿಂದ. ಮುಪ್ಪಿನಲ್ಲಿ ಮೊದಲು ಮರೆಯಾಗುವುದು ಎತ್ತರದ ಸ್ವರಗಳು. ಕಿವಿಯ ಯಂತ್ರವನ್ನು ಸಾಮಾನ್ಯವಾಗಿ ಮಾತು ಕೇಳುವುದಕ್ಕೆಂದೇ ಹೊಂದಿಸಿರುತ್ತಾರೆ, ಸಂಗೀತ ಅದರಲ್ಲಿ ಒರಟಾಗಿ ಕೇಳಿಸಬಹುದು. ಯಂತ್ರ ಹಾಕಿಸಿಕೊಳ್ಳಲು ಹೋಗುವಾಗ ಪಿಟೀಲನ್ನೂ ಜೊತೆಗೆ ಒಯ್ಯಿರಿ. ಅಲ್ಲೇ ನುಡಿಸಿ, ಸಂಗೀತಕ್ಕೆ ಬೇರೆಯಾಗಿ ಹೊಂದಿಸಿಕೊಡಿ ಎಂದು ಕೇಳಿರಿ.