ರೌಟರ್‌ನ ಇಂಟರ್‌ಫೇಸ್ ದೋಷವು ಪದೇ ಪದೇ ಮರುಕಳಿಸುತ್ತಿದ್ದಲ್ಲಿ ಕೈಗೊಳ್ಳಬೇಕಾದ ಪರಿಶೀಲನೆ

ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಮುಂತಾದ ಸೇವೆಗಳನ್ನು ಗಣಕಯಂತ್ರದ ಮೂಲಕ ಒದಗಿಸುವ ಕಚೇರಿಗಳಲ್ಲಿ ಜಾಲಸಂಪರ್ಕವು ಕಡಿತಗೊಂಡಾಗ ಕಚೇರಿಯ ಕೆಲಸವಷ್ಟೇ ಅಲ್ಲದೆ, ಒಂದು ದಿನದ ಕೂಲಿಯನ್ನು ಬಿಟ್ಟು ದೂರದ ಗ್ರಾಮಗಳಿಂದ ಬಂದ ಸಾರ್ವಜನಿಕರ ಕೆಲಸವೂ ನಿಲ್ಲುತ್ತದೆ. ಒಮ್ಮೆ ಸಂಭವಿಸಿ ಮುಗಿಯುವ ಕಡಿತವು ಅಷ್ಟಾಗಿ ತೊಂದರೆಯನ್ನುಂಟುಮಾಡದು. ಸರಿಹೋದಂತೆ ಕಂಡು, ಮರುದಿನವೋ ಮರುವಾರವೋ ಅದೇ ರೀತಿಯಲ್ಲಿ ಮರಳಿ ಬರುವ ದೋಷವೇ ಹೆಚ್ಚು ಕಷ್ಟಕರವಾದುದು. ಇಂತಹ ದೋಷದ ಮೂಲವನ್ನು ಪತ್ತೆಹಚ್ಚುವ ಕ್ರಮವನ್ನು ಕಚೇರಿಗಳ ಸಿಬ್ಬಂದಿಯ ಹಾಗೂ ಆಸಕ್ತ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಕಚೇರಿಯ ಒಳಜಾಲವನ್ನು ಹೊರಗಿನ ಜಾಲಕ್ಕೆ ಜೋಡಿಸುವ ಉಪಕರಣವೇ ರೌಟರ್. ಕೇಬಲ್ ಬಂದು ಸೇರುವ ಅದರ ಒಂದೊಂದು ದ್ವಾರವನ್ನೂ ಇಂಟರ್‌ಫೇಸ್ ಎಂದು ಕರೆಯಲಾಗುತ್ತದೆ.

ಮರುಚಾಲನೆಗೆ ಮುನ್ನ

ಸಂಪರ್ಕವು ನಿಂತ ಕೂಡಲೇ ರೌಟರ್‌ನ ವಿದ್ಯುತ್ತನ್ನು ನಿಲ್ಲಿಸಿ ಮತ್ತೆ ಚಾಲನೆ ಮಾಡುವುದು ಸರ್ವತ್ರ ರೂಢಿಯಲ್ಲಿದೆ. ಎದುರಿಗೆ ಸರದಿ ಸಾಲು ನಿಂತಿರುವಾಗ ಈ ರೂಢಿಯನ್ನು ತಪ್ಪೆನ್ನಲಾಗದು. ಅನೇಕ ವೇಳೆ ಸಂಪರ್ಕವು ಮರಳಿ ಬರುವುದೂ ಉಂಟು. ಆದರೆ ದೋಷಗಳ ಎಣಿಕೆ ಹಾಗೂ ಘಟನಾವಳಿಯ ದಾಖಲೆಯು ಸಾಮಾನ್ಯವಾಗಿ ರೌಟರ್‌ನ ತಾತ್ಕಾಲಿಕ ಸ್ಮೃತಿಯಲ್ಲಿ ಇರುವುದರಿಂದ, ವಿದ್ಯುತ್ತು ನಿಂತ ಕ್ಷಣವೇ ಅವು ಅಳಿಸಿಹೋಗುತ್ತವೆ. ದೋಷವು ಉಳಿದು ಅದರ ಸಾಕ್ಷ್ಯವು ಮಾತ್ರ ನಾಶವಾಗುತ್ತದೆ. ಆದುದರಿಂದ ಮರುಚಾಲನೆಗೆ ಮುನ್ನ ಎರಡು ನಿಮಿಷಗಳನ್ನು ಮೀಸಲಿಟ್ಟು, ಇಂಟರ್‌ಫೇಸ್‌ನ ಸ್ಥಿತಿಯನ್ನು ಬರೆದಿಟ್ಟುಕೊಳ್ಳತಕ್ಕದ್ದು. ಸಿಸ್ಕೊ ಮಾದರಿಯ ರೌಟರ್‌ಗಳಲ್ಲಿ ‘ಶೋ ಇಂಟರ್‌ಫೇಸಸ್’ ಎಂಬ ಆಜ್ಞೆಯಿಂದ ಈ ವಿವರವು ದೊರೆಯುತ್ತದೆ. ದಾಖಲೆಯನ್ನು ಬೇರೊಂದು ಗಣಕಯಂತ್ರಕ್ಕೆ ಕಳುಹಿಸುವ ಸಿಸ್‌ಲಾಗ್ ವ್ಯವಸ್ಥೆಯನ್ನು ಅಳವಡಿಸಿಕೊಂಡಲ್ಲಿ ಇನ್ನೂ ಉತ್ತಮ. ರೌಟರ್‌ನ ಗಡಿಯಾರವು ಸರಿಯಾಗಿರಬೇಕೆಂಬುದನ್ನು ಮರೆಯಬಾರದು. ಸಮಯವೇ ತಪ್ಪಾಗಿರುವ ದಾಖಲೆಯಿಂದ ಹೆಚ್ಚಿನ ಪ್ರಯೋಜನವಿಲ್ಲ.

ಸದರಿ ವಿವರದ ಮೊದಲ ಸಾಲಿನಲ್ಲಿ ಎರಡು ಸ್ಥಿತಿಗಳಿರುತ್ತವೆ. ಮೊದಲನೆಯದು ಭೌತಿಕ ಸಂಪರ್ಕವನ್ನೂ, ಎರಡನೆಯದು ಅದರ ಮೇಲೆ ನಡೆಯುವ ಸಂವಹನವನ್ನೂ ಸೂಚಿಸುತ್ತದೆ. ಎರಡೂ ‘ಡೌನ್’ ಎಂದಿದ್ದರೆ ಕೇಬಲ್, ದ್ವಾರ ಅಥವಾ ಎದುರು ತುದಿಯ ಉಪಕರಣವನ್ನು ಶಂಕಿಸಬೇಕು. ಗುತ್ತಿಗೆ ಮಾರ್ಗದ ಸೀರಿಯಲ್ ಇಂಟರ್‌ಫೇಸ್‌ನಲ್ಲಿ ಮೊದಲನೆಯದು ‘ಅಪ್’ ಹಾಗೂ ಎರಡನೆಯದು ‘ಡೌನ್’ ಎಂದಿದ್ದರೆ, ಮಾರ್ಗದಲ್ಲಿ ಅಡಚಣೆ ಇರಬಹುದು ಅಥವಾ ಎರಡು ತುದಿಗಳ ವಿನ್ಯಾಸದಲ್ಲಿ ವ್ಯತ್ಯಾಸವಿರಬಹುದು. ಎರಡೂ ‘ಅಪ್’ ಎಂದಿದ್ದು ಕೆಲಸ ಮಾತ್ರ ಸಾಗದಿದ್ದಲ್ಲಿ ದೋಷಗಳ ಎಣಿಕೆಯನ್ನು ನೋಡಬೇಕು. ಈ ಎಣಿಕೆಯು ಕೊನೆಯ ಬಾರಿ ಸೊನ್ನೆ ಮಾಡಿದಂದಿನಿಂದ ಕೂಡುತ್ತ ಬಂದ ಮೊತ್ತವಾಗಿರುವುದರಿಂದ, ಒಂದೇ ಬಾರಿ ನೋಡಿದ ಅಂಕಿಯಿಂದ ಏನೂ ತಿಳಿಯದು. ಹದಿನೈದು ನಿಮಿಷಗಳ ಅಂತರದಲ್ಲಿ ಎರಡು ಬಾರಿ ಬರೆದುಕೊಂಡು, ಯಾವ ಅಂಕಿಯು ಏರುತ್ತಿದೆ ಎಂಬುದನ್ನು ಗಮನಿಸತಕ್ಕದ್ದು.

ಪರೀಕ್ಷೆಯಲ್ಲಿ ಕಾಣಿಸದ ದೋಷ

ಮರುಕಳಿಸುವ ದೋಷಗಳ ಪೈಕಿ ಅತ್ಯಂತ ದಾರಿತಪ್ಪಿಸುವಂತಹುದು ಡ್ಯೂಪ್ಲೆಕ್ಸ್ ಹೊಂದಾಣಿಕೆಯ ಕೊರತೆಯಾಗಿದೆ. ಫುಲ್ ಡ್ಯೂಪ್ಲೆಕ್ಸ್ ವಿಧಾನದಲ್ಲಿ ಎರಡೂ ತುದಿಗಳು ಏಕಕಾಲದಲ್ಲಿ ಕಳುಹಿಸಬಹುದು ಮತ್ತು ಪಡೆಯಬಹುದು. ಹಾಫ್ ಡ್ಯೂಪ್ಲೆಕ್ಸ್ ವಿಧಾನವು ಒಂಟಿ ದಾರಿಯ ಸೇತುವೆಯಂತಿದ್ದು, ಎದುರಿನಿಂದ ಯಾವುದೂ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡೇ ಹೊರಡಬೇಕಾಗುತ್ತದೆ. ಯಾವ ವಿಧಾನವನ್ನು ಬಳಸಬೇಕೆಂಬುದನ್ನು ಎರಡು ತುದಿಗಳೂ ತಾವೇ ಮಾತುಕತೆಯ ಮೂಲಕ ನಿಗದಿಪಡಿಸಿಕೊಳ್ಳುವ ಸ್ವಯಂ ಹೊಂದಾಣಿಕೆಯ ವ್ಯವಸ್ಥೆಯು 1995ರ ಫಾಸ್ಟ್ ಈಥರ್ನೆಟ್ ಮಾನಕದೊಡನೆ ಬಂದಿತು. ಒಂದು ತುದಿಯಲ್ಲಿ 100 ಮೆಗಾಬಿಟ್ ವೇಗ ಹಾಗೂ ಫುಲ್ ಡ್ಯೂಪ್ಲೆಕ್ಸ್ ಎಂದು ಕೈಯಾರೆ ನಿಗದಿಪಡಿಸಿ, ಇನ್ನೊಂದು ತುದಿಯನ್ನು ಸ್ವಯಂ ಹೊಂದಾಣಿಕೆಗೆ ಬಿಟ್ಟಾಗ ತೊಡಕು ಆರಂಭವಾಗುತ್ತದೆ. ಸ್ವಯಂ ಹೊಂದಾಣಿಕೆಯ ತುದಿಯು ವೇಗವನ್ನು ಸರಿಯಾಗಿ ಗುರುತಿಸುತ್ತದೆ. ಆದರೆ ಎದುರಿನಿಂದ ಉತ್ತರ ಬಾರದ ಕಾರಣ, ಮಾನಕದ ಪ್ರಕಾರವೇ ಹಾಫ್ ಡ್ಯೂಪ್ಲೆಕ್ಸ್‌ಗೆ ಇಳಿಯುತ್ತದೆ. ಉಪಕರಣಗಳೆರಡೂ ನಿಯಮದಂತೆಯೇ ನಡೆದುಕೊಂಡಿರುತ್ತವೆ. ದೀಪವೂ ಹಸಿರಾಗಿ ಬೆಳಗುತ್ತಿರುತ್ತದೆ.

ಬೆಳಗಿನ ಹೊತ್ತು ಸಂಚಾರ ಕಡಿಮೆ ಇರುವಾಗ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಕಚೇರಿಯಲ್ಲಿ ಜನಸಂದಣಿ ಏರಿ ಎರಡೂ ಕಡೆಯಿಂದ ಒಮ್ಮೆಗೇ ಮಾಹಿತಿ ಹರಿಯತೊಡಗಿದಾಗ, ಹಾಫ್ ಡ್ಯೂಪ್ಲೆಕ್ಸ್ ತುದಿಯು ತಾನು ಕಳುಹಿಸುತ್ತಿರುವಾಗಲೇ ಎದುರಿನ ಸಂಕೇತವನ್ನು ಕಂಡು, ಘರ್ಷಣೆಯಾಯಿತೆಂದು ಭಾವಿಸಿ, ಕಳುಹಿಸುವುದನ್ನು ಅರ್ಧಕ್ಕೇ ನಿಲ್ಲಿಸುತ್ತದೆ. ಆ ತುದಿಯಲ್ಲಿ ‘ಲೇಟ್ ಕೊಲಿಷನ್’ ಎಣಿಕೆಯೂ, ತುಂಡಾದ ಮಾಹಿತಿಯನ್ನು ಪಡೆದ ಫುಲ್ ಡ್ಯೂಪ್ಲೆಕ್ಸ್ ತುದಿಯಲ್ಲಿ ‘ಸಿಆರ್‌ಸಿ’ ದೋಷದ ಎಣಿಕೆಯೂ ಏರುತ್ತವೆ. ಈ ಜೋಡಿ ಲಕ್ಷಣವು ಕಂಡುಬಂದಲ್ಲಿ ಬೇರೆ ಕಾರಣವನ್ನು ಹುಡುಕುವ ಅಗತ್ಯ ಬಹುತೇಕ ಇರುವುದಿಲ್ಲ. ತಂತ್ರಜ್ಞರು ಬಂದು ‘ಪಿಂಗ್’ ಪರೀಕ್ಷೆ ನಡೆಸಿದಾಗ ಒಂದೊಂದೇ ಸಣ್ಣ ಸಂದೇಶವು ಹೋಗಿ ಬರುವುದರಿಂದ, ದೋಷವೇ ಇಲ್ಲವೆಂದು ವರದಿಯಾಗುವ ಸಂಭವವಿದೆ. ಇದು ಅವರ ಅಲಕ್ಷ್ಯವಲ್ಲ, ಪರೀಕ್ಷೆಯ ಮಿತಿ.

ಪರಿಹಾರವು ಸರಳವಾಗಿದೆ: ಎರಡೂ ತುದಿಗಳನ್ನು ಸ್ವಯಂ ಹೊಂದಾಣಿಕೆಗೆ ಬಿಡುವುದು, ಹಳೆಯ ಉಪಕರಣದಲ್ಲಿ ಅದು ಸಾಧ್ಯವಾಗದಿದ್ದಲ್ಲಿ ಎರಡನ್ನೂ ಒಂದೇ ರೀತಿ ನಿಗದಿಪಡಿಸುವುದು. ಒಂದನ್ನು ಮಾತ್ರ ಬದಲಾಯಿಸಕೂಡದು. ತಾಮ್ರದ ಕೇಬಲ್‌ನ ಮೇಲಿನ 1000 ಮೆಗಾಬಿಟ್ ಸಂಪರ್ಕಕ್ಕೆ 1999ರ ಮಾನಕವು ಸ್ವಯಂ ಹೊಂದಾಣಿಕೆಯನ್ನೇ ಕಡ್ಡಾಯಗೊಳಿಸಿದೆ.

ಕೇಬಲ್ ಮತ್ತು ಪರಿಸರ

ಸಿಆರ್‌ಸಿ ದೋಷವು ಏರುತ್ತಿದ್ದು ಎದುರು ತುದಿಯಲ್ಲಿ ಲೇಟ್ ಕೊಲಿಷನ್ ಇಲ್ಲದಿದ್ದಲ್ಲಿ ಕೇಬಲ್ಲನ್ನು ಪರಿಶೀಲಿಸಬೇಕು. 1000 ಮೆಗಾಬಿಟ್ ಸಂಪರ್ಕಕ್ಕೆ ಕೇಬಲ್‌ನ ನಾಲ್ಕೂ ಜೋಡಿ ತಂತಿಗಳು ಬೇಕು. 100 ಮೆಗಾಬಿಟ್‌ಗೆ ಎರಡೇ ಸಾಕು. ಹೀಗಾಗಿ ಒಂದು ತಂತಿ ತುಂಡಾದಾಗ ಕೆಲವು ಉಪಕರಣಗಳು ಸದ್ದಿಲ್ಲದೆ ಕಡಿಮೆ ವೇಗಕ್ಕೆ ಇಳಿಯುತ್ತವೆ. ಕೇಬಲ್‌ನ ಉದ್ದವು 100 ಮೀಟರ್ ಮೀರಬಾರದು. ಕಡಿತವಾದ ವೇಳೆಯನ್ನು ದಿನಚರಿಯೊಡನೆ ಹೋಲಿಸಿ ನೋಡುವುದು ಬಹಳ ಉಪಯುಕ್ತ: ವಿದ್ಯುತ್ತು ಹೋಗಿ ಯುಪಿಎಸ್ ಚಾಲನೆಗೆ ಬಂದಾಗಲೇ, ಪಂಪು ಚಾಲನೆಯಾದಾಗಲೇ ಅಥವಾ ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯ ಸಂಜೆಗಳಲ್ಲೇ ಕಡಿತವಾಗುತ್ತಿದ್ದರೆ ವಿದ್ಯುತ್ ಪೂರೈಕೆಯನ್ನೂ ಭೂಸಂಪರ್ಕವನ್ನೂ ನೋಡತಕ್ಕದ್ದು. ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆದಿದ್ದಲ್ಲಿ ಅದನ್ನು ಆಪ್ಟಿಕಲ್ ಫೈಬರ್‌ಗೆ ಬದಲಾಯಿಸುವುದು ಸೂಕ್ತ.

ಬದಲಾವಣೆಗಳನ್ನು ಒಂದೊಂದಾಗಿ ಮಾತ್ರ ಮಾಡಬೇಕು. ಮೊದಲು ಕೇಬಲ್, ನಂತರ ಸ್ವಿಚ್‌ನ ದ್ವಾರ, ಕೊನೆಗೆ ರೌಟರ್‌ನ ದ್ವಾರ. ಪ್ರತಿ ಬಾರಿಯೂ ಎಣಿಕೆಯನ್ನು ಸೊನ್ನೆ ಮಾಡಿ ಒಂದು ಪೂರ್ಣ ಕೆಲಸದ ದಿನ ಕಾಯಬೇಕು. ಮೂರನ್ನೂ ಒಟ್ಟಿಗೆ ಬದಲಾಯಿಸಿದಲ್ಲಿ ದೋಷಯುಕ್ತ ಕೇಬಲ್ ಮತ್ತೆ ದಾಸ್ತಾನಿಗೆ ಸೇರಿ, ಮುಂದೊಂದು ದಿನ ಇನ್ನೊಂದು ಮೇಜಿಗೆ ಬರುತ್ತದೆ.

ಜಾಲ ನಿರ್ವಾಹಕರಿಗೆ ದೂರು ಸಲ್ಲಿಸುವಾಗ ಕಡಿತವಾದ ದಿನಾಂಕ ಮತ್ತು ವೇಳೆ, ಇಂಟರ್‌ಫೇಸ್‌ನ ಹೆಸರು, ಎರಡು ಬಾರಿ ಬರೆದುಕೊಂಡ ಎಣಿಕೆ ಹಾಗೂ ಈವರೆಗೆ ಬದಲಾಯಿಸಿದ ಭಾಗಗಳ ವಿವರವನ್ನು ಲಗತ್ತಿಸುವುದು.