ಮಾತಿನ ಲೆಕ್ಕ

ಗತಿಸಿದ ಮಿತ್ರನನ್ನು ಕುರಿತು 300 ಪದಗಳಲ್ಲಿ ನಾಲ್ಕು ಮಾತು ಬರೆದುಕೊಡಬೇಕೆಂದು ಅವನು ಪಾಠ ಹೇಳಿದ ಯಲಹಂಕದ ಶಾಲೆಯವರು ಕೇಳಿದಾಗ, ಇದೇನು ಮಹಾ ಕಾರ್ಯವೆಂದು ಒಪ್ಪಿಕೊಂಡುಬಿಟ್ಟೆ. 40 ವರ್ಷಗಳ ಸ್ನೇಹ. ಬರೆಯಲು ವಿಷಯಕ್ಕೆ ಬರವೇ?

ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದೆ. ಆರ್.ಟಿ. ನಗರದ ನಮ್ಮ ಮನೆಯಲ್ಲಿ ಕಂಪ್ಯೂಟರಿನ ಯಜಮಾನಿಕೆ ಮೊಮ್ಮಗಳದು. ಅವಳು ನನ್ನ ಬರಹವನ್ನು ಬೆರಳಚ್ಚು ಮಾಡಿ, ಪದಗಳನ್ನು ಎಣಿಸುವ ಆನ್‌ಲೈನ್ ಯಂತ್ರವೊಂದಕ್ಕೆ ಒಪ್ಪಿಸಿದಳು. ಕಣ್ಣೆವೆ ಇಕ್ಕುವುದರೊಳಗೆ ಉತ್ತರ ಬಂದಿತು: 842.

“ತಾತ, ಕೆಳಗೆ ನೋಡಿ. ಯಾವ ಪದ ಎಷ್ಟು ಸಲ ಬಂದಿದೆಯೆಂದೂ ಹೇಳುತ್ತದೆ” ಎಂದಳು.

ನೋಡಿದೆ. ‘ನಾನು’ 19, ‘ನನ್ನ’ 23, ‘ನನಗೆ’ 8, ‘ನನ್ನನ್ನು’ 4. ವಿಭಕ್ತಿಯನ್ನರಿಯದ ಆ ಯಂತ್ರ ಅವನ್ನು ಬೇರೆ ಬೇರೆ ಪದಗಳೆಂದೇ ತಿಳಿದಿತ್ತು, ಕೂಡಿಸಿದವನು ನಾನು. 54! ಮಿತ್ರನ ಹೆಸರು ಬಂದಿದ್ದುದು 11 ಸಲ. ಶ್ರದ್ಧಾಂಜಲಿ ಯಾರದೆಂಬ ಸಂದೇಹ ನನಗೇ ಉಂಟಾಯಿತು.

ಮಾನ ಉಳಿಸಿಕೊಳ್ಳಲು ಯಂತ್ರವನ್ನೇ ಹಳಿಯತೊಡಗಿದೆ. ಹಳಿಯುವುದಕ್ಕೆ ಕಾರಣವೂ ಇತ್ತೆನ್ನಿ. ಅದು ಎಣಿಸುವುದು ಪದಗಳನ್ನಲ್ಲ, ಪದಗಳ ನಡುವಣ ತೆರಪನ್ನು. ‘ಹೋಗಬೇಕಾಗಿತ್ತಂತೆ’ ಎಂಬ ನಮ್ಮ ಒಂದು ಪದಕ್ಕೆ ಇಂಗ್ಲಿಷಿನವನು ನಾಲ್ಕೈದನ್ನು ವೆಚ್ಚಮಾಡಬೇಕು. ‘ಅವನು ಎಂದರೆ’ ಎರಡು, ‘ಅವನೆಂದರೆ’ ಒಂದು. 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ದ ಕೇಶಿರಾಜ ವಿವರಿಸಿದ ಸಂಧಿಯನ್ನು ಇಷ್ಟು ಕ್ಷುದ್ರವಾದ ಕೆಲಸಕ್ಕೆ ಬೇರೆ ಯಾರೂ ಬಳಸಿರಲಾರರು: ಲೋಪ, ಆಗಮ, ಆದೇಶಗಳ ನೆರವಿನಿಂದ 30 ಪದಗಳನ್ನು ಇಳಿಸಿದೆ! ಅಕ್ಷರದ ಲೆಕ್ಕವಂತೂ ಇನ್ನೂ ವಿಚಿತ್ರ. ‘ಸ್ತ್ರೀ’ ನಮಗೆ ಒಂದಕ್ಷರ. ಯುನಿಕೋಡಿನ ಸಂಕೇತಗಳನ್ನು ಎಣಿಸುವ ಯಂತ್ರಕ್ಕೆ ಆರು—ವ್ಯಂಜನ ಮೂರು, ಅವನ್ನು ಬೆಸೆಯುವ ಹಲಂತ ಎರಡು, ದೀರ್ಘದ ಗುರುತು ಒಂದು.

ಆದರೆ 54 ಮಾತ್ರ 54ಆಗಿಯೇ ಉಳಿದಿತ್ತು.

ಮರುದಿನ ಹೆಬ್ಬಾಳದ ಕಡೆ ಹೋಗಿದ್ದಾಗ, 2018ರಲ್ಲಿ ಅಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ನೆನಪಾಯಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಆಳುವ ದೊರೆ, ನಾಡು, ದಾಳಿ, ಕಾದಿ ಮಡಿದವನ ಮನೆತನ, ಅವನ ಹೆಸರು—ಎಲ್ಲವೂ ಕೆಲವೇ ಸಾಲುಗಳಲ್ಲಿ ಅಡಗಿವೆ. ಕೊರೆದವನಿಗೆ ಒಂದೊಂದು ಅಕ್ಷರವೂ ಉಳಿಯ ಪೆಟ್ಟು. 2013ರ ಜುಲೈನಲ್ಲಿ ನಿಂತುಹೋದ ತಂತಿಯಲ್ಲಿಯೂ ಪದಕ್ಕೆ ಇಷ್ಟೆಂದು ದುಡ್ಡು ತೆರಬೇಕಾಗಿತ್ತು. ಸಾವಿನ ಸುದ್ದಿಯನ್ನೂ ಬೆರಳೆಣಿಸಿ ಬರೆಯುತ್ತಿದ್ದೆವು. ನನಗೆ ಈಗ ಪೆಟ್ಟೂ ಇಲ್ಲ, ದುಡ್ಡೂ ಇಲ್ಲ.

ಮನೆಗೆ ಬಂದು ಕೆಂಪು ಪೆನ್ಸಿಲ್ ಹಿಡಿದೆ. ನಾವಿಬ್ಬರೂ ಕೂಡಿ ನೋಡಿದ ನಾಟಕಗಳು ಹೋದವು. ಅವನು ನನ್ನ ಪುಸ್ತಕವನ್ನು ಹೊಗಳಿದ ಪ್ರಸಂಗ, ಸಂಕಟದಿಂದಲೇ ಸರಿ, ಹೋಯಿತು. ಎಲ್ಲೋ ಮೂರನೆಯ ಪುಟದಲ್ಲಿ ಹುದುಗಿದ್ದ ಒಂದು ಸಂಗತಿ ಈಗ ಮೊದಲಿಗೆ ಬಂದಿತು: ಯಶವಂತಪುರ ನಿಲ್ದಾಣದ ಬೆಂಚಿನ ಮೇಲೆ ಕುಳಿತು, ರೈಲು ಬರುವವರೆಗೂ ಅವನು ಮಕ್ಕಳ ಪ್ರಬಂಧಗಳನ್ನು ತಿದ್ದುತ್ತಿದ್ದನು, ತಪ್ಪುಗಳನ್ನು ಸೀಸದ ಕಡ್ಡಿಯಲ್ಲಿಯೇ ಗುರುತಿಸುತ್ತಿದ್ದನು—ಮಗು ತಿದ್ದಿಕೊಂಡ ಮೇಲೆ ಆ ಗುರುತನ್ನು ಅಳಿಸಿಬಿಡಲೆಂದು.

ಮೊಮ್ಮಗಳು ಮತ್ತೆ ಎಣಿಸಿದಳು. 287.

“ತಾತ, ಇನ್ನೂ 13 ಪದ ಬರೆಯಬಹುದು” ಎಂದಳು.

“ಇರಲಿ ಬಿಡು” ಎಂದೆ.